ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ ಅಂತ ಎಲ್ಲರೂ ಒಂದೇ ಭಾನುವಾರ ಹೊರಟರೆ

ಬೆಟ್ಟದ ಮೇಲೆ ಹೂ ಬಿಟ್ಟಿದೆ ಅಂತ ಒಂದು ರೀಲ್ ಓಡಾಡಿದರೆ ಸಾಕು, ಮುಂದಿನ ಭಾನುವಾರ ಘಾಟಿ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2022ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ನೀಲಕುರಿಂಜಿ ಅರಳಿದಾಗ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಕಡೆಯೂ ಹೀಗೇ ಜನ ಮುಗಿಬಿದ್ದರು. ಈಗ ಅಲ್ಲಿಗೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಂಡು ಹೋಗಬೇಕು, ದಿನಕ್ಕೆ ಇಷ್ಟೇ ವಾಹನ ಅಂತ ಮಿತಿ ಬಂದಿದೆ. ಇದಕ್ಕೆ ಬೈಯುವವರಿಗೇನೂ ಕಮ್ಮಿ ಇಲ್ಲ. "ನಮ್ಮ ಬೆಟ್ಟ ನೋಡೋಕೆ ನಾವ್ಯಾಕೆ ಪರ್ಮಿಷನ್ ಕೇಳಬೇಕು?" ಅನ್ನುತ್ತಾರೆ. ನನ್ನ ಕೇಳಿದರೆ ಮಿತಿ ಹಾಕಿದ್ದು ಸರಿ. ಹೂವಿನ ಕಾಲದಲ್ಲಿ ಇನ್ನಷ್ಟು ಬಿಗಿ ಮಾಡಿದರೂ ನನ್ನ ತಕರಾರಿಲ್ಲ.

ಯಾಕೆ ಅಂದರೆ ಆ ಗಿಡದ ಸ್ವಭಾವವೇ ಹಾಗೆ. ಕುರಿಂಜಿ ಹನ್ನೆರಡು ವರ್ಷ ಸುಮ್ನೆ ಬೆಳೆಯುತ್ತದೆ, ಒಂದೇ ಸಲ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಆಮೇಲೆ ಸಾಯುತ್ತದೆ. ಎರಡನೇ ಅವಕಾಶ ಅನ್ನುವುದೇ ಅದಕ್ಕಿಲ್ಲ. ಇಡೀ ಗುಡ್ಡ ಒಟ್ಟಿಗೇ ಅರಳುವುದಕ್ಕೂ ಕಾರಣ ಇದೆ ಅನ್ನುತ್ತಾರೆ ತಿಳಿದವರು. ಬೀಜ ತಿನ್ನುವ ಹಕ್ಕಿ, ಇಲಿ, ಹುಳ ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಂದೇ ಕಾಲಕ್ಕೆ ಉದುರಬೇಕು, ಉಳಿದದ್ದು ಮೊಳೆಯಬೇಕು. ಬಿದಿರು ಮಾಡುವುದೂ ಇದನ್ನೇ ಅಲ್ವಾ? ಆ ಬೀಜ ತಾಯಿಗಿಡದ ಸುತ್ತಮುತ್ತಲೇ ಬೀಳುತ್ತದೆ. ಆದ್ದರಿಂದ ಅಕ್ಟೋಬರ್‌ನಲ್ಲಿ ನೀವು ತುಳಿದ ಮಣ್ಣಿನಲ್ಲೇ ಮುಂದಿನ ಪೀಳಿಗೆ ಮೊಳೆಯಬೇಕಾಗಿರುತ್ತದೆ.

ತುಳಿತ ಹೇಗೆ ಶುರುವಾಗುತ್ತದೆ ಅಂತ ನೋಡಿದ್ದೇನೆ. ಬೆಳಿಗ್ಗೆ ಹೂವಿನ ನಡುವೆ ದಾರಿಯೇ ಇರುವುದಿಲ್ಲ. ಯಾರೋ ಒಬ್ಬರು ಫೋಟೋಗೆ ಅಂತ ನಾಲ್ಕು ಹೆಜ್ಜೆ ಒಳಗೆ ಹೋಗುತ್ತಾರೆ, ಪೊದೆ ಸ್ವಲ್ಪ ವಾಲುತ್ತದೆ. ಹಿಂದೆ ಬಂದವರು ಓ, ಇಲ್ಲಿ ದಾರಿ ಇದೆ ಅಂದುಕೊಂಡು ಅಲ್ಲೇ ಕಾಲಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆಸರು ಮೆತ್ತಿದ ಕಾಲುದಾರಿ ತಯಾರು. ಅದರ ತುದಿಯಲ್ಲಿ ಒಂದು ಸಪಾಟು ಜಾಗ, ಅಲ್ಲಿ ಕೂತು ಸೆಲ್ಫಿ. ಇವರಲ್ಲಿ ಒಬ್ಬರಿಗೂ ಗಿಡ ಹಾಳು ಮಾಡುವ ಉದ್ದೇಶ ಇರಲಿಲ್ಲ. ಅದಕ್ಕೇ ಹೇಳುವುದು, "ಜನರಿಗೆ ಜಾಗೃತಿ ಮೂಡಿಸಿ ಸಾಕು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಒಳ್ಳೆಯವರೇ ಸಾವಿರ ಜನ ಬಂದರೂ ಸಾವಿರ ಜೊತೆ ಕಾಲು ಬಂದ ಹಾಗೇ. ಕಿತ್ತು ಗೊಂಚಲು ಮಾಡಿಕೊಂಡು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳುವವರ ವಿಷಯ ಬೇರೆ, ಅವರಿಗೆ ದಂಡವೇ ಮದ್ದು. ನೀಲಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಗಿಡಗಳ ಪಟ್ಟಿಯಲ್ಲಿದೆ.

ಮಿತಿ ಹಾಕಿದ್ದು ನಾವೇ ಮೊದಲಲ್ಲ. ಮಹಾರಾಷ್ಟ್ರದ ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಗೆ ಹೂವಿನ ಕಾಲದಲ್ಲಿ ಬುಕ್ ಮಾಡಿಯೇ ಹೋಗಬೇಕು, ದಿನಕ್ಕೆ ಇಷ್ಟು ಜನ ಅಂತ ಲೆಕ್ಕ ಇದೆ. ಉತ್ತರಾಖಂಡದ ಹೂಗಳ ಕಣಿವೆಯಲ್ಲಿ ರಾತ್ರಿ ಉಳಿಯಲು ಬಿಡುವುದೇ ಇಲ್ಲ, ಸಂಜೆಯೊಳಗೆ ಹೊರಗೆ ಬರಬೇಕು. ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್‌ನಲ್ಲಿ 2019ರಲ್ಲಿ ಗುಡ್ಡದ ತುಂಬಾ ಗಸಗಸೆ ಜಾತಿಯ ಪಾಪಿ ಹೂ ಅರಳಿ, ಊರು ತಾಳಲಾರದಷ್ಟು ಜನ ನುಗ್ಗಿದರು. 2023ರಲ್ಲಿ ಮತ್ತೆ ಹೂ ಬಂದಾಗ ಅಲ್ಲಿನವರು ಆ ಗುಡ್ಡಗಳಿಗೆ ಯಾರನ್ನೂ ಬಿಡಲೇ ಇಲ್ಲ. ಮಿತಿ ಬೇಡ ಅನ್ನುವವರು ಕೊನೆಗೆ ಗೇಟಿಗೆ ಬೀಗವನ್ನೇ ಬರಮಾಡಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಹನ್ನೆರಡು ವರ್ಷಕ್ಕೊಮ್ಮೆ ಅನ್ನುವ ಮಾತೇ ಜನರನ್ನು ಹೀಗೆ ಓಡಿಸುತ್ತಿದೆ ಅನ್ನಿಸುತ್ತದೆ. ಈ ಸಲ ತಪ್ಪಿದರೆ ಹೋಯಿತು ಅನ್ನುವ ಆತುರ. ನಿಜ ಏನೆಂದರೆ ಈ ಗಿಡದ ಸಂಬಂಧಿಗಳು ಪಶ್ಚಿಮ ಘಟ್ಟದಲ್ಲಿ ಬೇಕಾದಷ್ಟಿವೆ, ಒಂದೊಂದರ ವರ್ಷದ ಲೆಕ್ಕ ಒಂದೊಂದು ಥರ, ಒಂದೊಂದು ಗುಡ್ಡದ ಸರದಿಯೂ ಬೇರೆ. ಮುನ್ನಾರ್ ಕಡೆ 2018ರಲ್ಲಿ ಅರಳಿತ್ತು. ಕೊಡಗಿನ ಮಾಂದಲ್‌ಪಟ್ಟಿ, ಕೋಟೆಬೆಟ್ಟದಲ್ಲಿ 2021ರಲ್ಲಿ.

ಕುರಿಂಜಿ ಇಲ್ಲದ ವರ್ಷದಲ್ಲೂ ಮಳೆ ಹಿಂದೆ ಸರಿಯುವಾಗ ಈ ಗುಡ್ಡಗಳು ಖಾಲಿ ಇರುವುದಿಲ್ಲ. ಆದರೆ ಮಂಡಿಯೂರಿ ನೋಡಬೇಕು, ಅಷ್ಟೇ. ನೀರು ಜಿನುಗುವ ಬಂಡೆಯ ಮೇಲೆ ಕಾಸಿನಗಲದ ಕೆಂಪು ಗಿಡ ಡ್ರಾಸೆರಾ ಇರುತ್ತದೆ, ಎಲೆಯ ಪ್ರತಿ ಕೂದಲ ತುದಿಯಲ್ಲೂ ಒಂದೊಂದು ಅಂಟು ಹನಿ, ಅದರಲ್ಲಿ ಸಿಕ್ಕಿಬಿದ್ದ ನುಸಿ. ಪಕ್ಕದಲ್ಲೇ ಕರ್ಣಕುಂಡಲದ ಜಾತಿಯ ಗುಲಾಬಿ ಬಣ್ಣದ ಪುಟಾಣಿ ಹೂಗಳು. ವ್ಯೂ ಪಾಯಿಂಟ್‌ನಲ್ಲಿ ಮಂಜು ಕವಿದು ಎದುರಿನ ಕಣಿವೆ ಕಾಣದಿದ್ದರೆ ಜನ "ಛೇ, ವ್ಯೂ ಇಲ್ಲ" ಅಂತ ಹತ್ತೇ ನಿಮಿಷಕ್ಕೆ ಕಾರು ಹತ್ತುತ್ತಾರೆ. ನನಗಂತೂ ಅಂಥ ದಿನವೇ ಇಷ್ಟ. ದೂರದ್ದು ಏನೂ ಕಾಣುವುದಿಲ್ಲ, ಹಾಗಾಗಿ ಕಾಲ ಬುಡದಲ್ಲಿರುವುದೆಲ್ಲ ಕಾಣುತ್ತದೆ. ಮಂಜಿನ ತೇವಕ್ಕೆ ಬಣ್ಣಗಳೂ ಜಾಸ್ತಿ ಗಾಢ.

ಹೋಗುವವರು ವಾರದ ಮಧ್ಯೆ ಹೋಗಿ, ಇರುವ ದಾರಿ ಬಿಟ್ಟು ಇಳಿಯಬೇಡಿ, ಜೀಪಿನವರು ಹುಲ್ಲುಗಾವಲಿಗೆ ಇಳಿಸುತ್ತೇನೆ ಅಂದರೆ ಬೇಡ ಅನ್ನಿ. ಫೋಟೋ ಹಾಕುವಾಗ ಜಾಗದ ಹೆಸರು ಹಾಕದಿದ್ದರೂ ಲೈಕ್ ಬರುತ್ತದೆ. ಇದನ್ನು ಓದಿದ ಮೇಲೆ "ಈ ವರ್ಷ ಎಲ್ಲಿ ಅರಳಿದೆ, ಲೊಕೇಶನ್ ಕಳಿಸಿ" ಅಂತ ಇನ್‌ಬಾಕ್ಸ್‌ಗೆ ಬರುವವರಿಗೆ ಉತ್ತರ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.