ನಾನು ಕಿಡಿಗೇಡಿ ಅಂತೆ, ಶೆಂಗ್ ಲಾಂಗ್ ನಿಜ ಅಂತೆ

ಕಿಡಿಗೇಡಿತನ. ಕನ್ನಡ ವಿಕಿಪೀಡಿಯದಲ್ಲಿ ಸ್ಟ್ರೀಟ್ ಫೈಟರ್ 2 ಅನ್ನೋ ಹೊಡೆದಾಟದ ವಿಡಿಯೋ ಗೇಮಿನ ಪುಟಕ್ಕೆ ನಾನು ಸೇರಿಸಿದ ಪ್ಯಾರಾ ಅಳಿಸಿ ಹಂಗೇ ಬರೆದಿದ್ದಾನೆ ಪುಣ್ಯಾತ್ಮ. "ಪಾತ್ರಗಳ ಹೆಸರು ಅದಲುಬದಲು ಮಾಡಿ ಕಿಡಿಗೇಡಿತನ, ರದ್ದುಪಡಿಸಲಾಗಿದೆ." ಅಷ್ಟೇ. ನಾನು ಪ್ಯಾರಾ ಉಳಿಸಿ, ಕಾಫಿ ಲೋಟ ತೊಳೆದಿಟ್ಟು ಬರೋದರೊಳಗೆ ಇತಿಹಾಸದ ಪುಟದಲ್ಲಿ ಕೆಂಪು ಬಣ್ಣದಲ್ಲಿ −1,842 ಅಂತ ಕೂತಿತ್ತು, ಅಂದ್ರೆ ಅಷ್ಟು ಬೈಟ್ ಬರಹ ಮಾಯ. ಓದಿದನಾ ಅವನು? ಓದೋಕಾದ್ರೂ ಟೈಮ್ ಬೇಕಲ್ಲ ಸ್ವಾಮಿ!

ಅದಲುಬದಲು ಮಾಡಿದ್ದು ನಾನಲ್ಲ ಕಣಯ್ಯಾ, ಆಟ ಮಾಡಿದ ಕಂಪನಿ ಕ್ಯಾಪ್‌ಕಾಮ್! ಅದೂ 1991ರಲ್ಲಿ! ಸ್ಟ್ರೀಟ್ ಫೈಟರ್ 2ರ ನಾಲ್ಕು ಬಾಸ್‌ಗಳಲ್ಲಿ ಮೊದಲು ಸಿಗ್ತಾನಲ್ಲ, ಬಾಕ್ಸರ್, ಜಪಾನಿನ ಆಟದಲ್ಲಿ ಅವನ ಹೆಸರು ಎಂ. ಬೈಸನ್. ಮುಖ ನೋಡಿದ್ರೂ ಹೆಸರು ಕೇಳಿದ್ರೂ ಯಾರು ನೆನಪಾಗ್ತಾರೆ ಅಂತ ನಾನು ಹೇಳಬೇಕಾ? ಮೈಕ್ ಟೈಸನ್. ಆಟ ಹೊರದೇಶಕ್ಕೆ ಹೋಗುವಾಗ ಎಲ್ಲಿ ಕೋರ್ಟು ಕಚೇರಿ ಅಂತ ಅಲೆಯೋದಾಗುತ್ತೋ ಅಂತ ಕಂಪನಿಯವರು ಹೆದರಿ ಹೆಸರುಗಳನ್ನು ಒಂದು ಸುತ್ತು ತಿರುಗಿಸಿಬಿಟ್ಟರು. ಮುಖವಾಡ ಹಾಕಿಕೊಂಡು ಕೈಗೆ ಉಕ್ಕಿನ ಉಗುರು ಕಟ್ಟಿಕೊಂಡಿರೋ ಸ್ಪೇನಿನವನು ಜಪಾನಿನಲ್ಲಿ ಬಾಲ್‌ರಾಗ್. ಆ ಹೆಸರು ಬಾಕ್ಸರ್‌ಗೆ ಹೋಯ್ತು. ಕೊನೆಯಲ್ಲಿ ಬರೋ ಕೆಂಪು ಯೂನಿಫಾರಂ ಸರ್ವಾಧಿಕಾರಿ ಅಲ್ಲಿ ವೆಗಾ. ಆ ಹೆಸರು ಸ್ಪೇನಿನವನ ಪಾಲಾಯ್ತು. ಮಿಕ್ಕಿದ್ದು ಎಂ. ಬೈಸನ್, ಅದನ್ನ ಸರ್ವಾಧಿಕಾರಿಗೆ ಅಂಟಿಸಿದರು. ಪಕ್ಕಪಕ್ಕದ ಮೂರು ಮನೆಯವರು ರಾತ್ರೋರಾತ್ರಿ ಗೇಟಿನ ಬೋರ್ಡು ಬದಲಾಯಿಸಿಕೊಂಡ ಹಾಗೆ. ಸಾಗಟ್ ಒಬ್ಬನೇ ಹುಟ್ಟಿದ ಹೆಸರಲ್ಲೇ ಉಳಿದುಕೊಂಡ.

ಇದೇನು ಗುಟ್ಟಾ? ಗೇಮ್ ಆಡೋ ಯಾರನ್ನಾದ್ರೂ ಕೇಳಿ. ಜಪಾನಿನವರೂ ಅಮೆರಿಕದವರೂ ಎದುರುಬದುರು ಕೂತು ಮಾತಾಡುವಾಗ ಗೊಂದಲ ಆಗ್ಬಾರದು ಅಂತಾನೇ ಈ ಹೆಸರುಗಳ ಸಹವಾಸವೇ ಬೇಡ ಅಂತ ಬಾಕ್ಸರ್, ಕ್ಲಾ, ಡಿಕ್ಟೇಟರ್ ಅಂತಾರೆ. ನಾನೂ ಹಾಗೇ ಬರೆದಿದ್ದೆ. "ಬಾಕ್ಸರ್ (ಜಪಾನಿನಲ್ಲಿ ಎಂ. ಬೈಸನ್, ಹೊರಗೆ ಬಾಲ್‌ರಾಗ್)". ಇನ್ನೆಷ್ಟು ಬಿಡಿಸಿ ಹೇಳೋದು? ಆಟ ಹಾಕಿ ನೋಡಿದ್ರೆ ಜೀವದ ಪಟ್ಟಿಯ ಕೆಳಗೇ ಹೆಸರು ಬಂದಿರುತ್ತೆ. ಅದರ ಚಿತ್ರ ತೋರಿಸಿದ್ರೆ "ಸ್ವಂತ ಸಂಶೋಧನೆ". ಕಂಪನಿಯವರೇ ಹೇಳಿರೋದನ್ನ ಕೊಟ್ರೆ "ಪ್ರಾಥಮಿಕ ಮೂಲ, ಸ್ವತಂತ್ರ ಉಲ್ಲೇಖ ಬೇಕು". ಇಂಗ್ಲಿಷ್ ಪುಟದಲ್ಲಿ ಇದೇ ವಿಷಯ ಇದೆಯಲ್ಲ ಸಾರ್ ಅಂದ್ರೆ "ಬೇರೆ ಭಾಷೆಯ ಪುಟ ಉಲ್ಲೇಖವಾಗದು". ಆಯ್ತು, ಒಪ್ಪಿದೆ. ನಿಯಮ ನಿಯಮಾನೇ. ನಾನು ನಿಯಮಕ್ಕೆ ವಿರೋಧಿ ಅಲ್ಲ.

ಆದ್ರೆ ಶೆಂಗ್ ಲಾಂಗ್ ಅನ್ನೋ ಪಾತ್ರ? ಅವನಿಗೆ ಯಾವ ನಿಯಮ?

ನಾನು ತೆಗೆದುಹಾಕಿದ್ದೆ. ಅವನು ವಾಪಸ್ ತಂದು ಕೂರಿಸಿದ. ಈಗಲೂ ಇದೆ, ಹೋಗಿ ನೋಡಿ, "ಗುಪ್ತ ಪಾತ್ರ" ಅನ್ನೋ ಶೀರ್ಷಿಕೆ ಕೆಳಗೆ. ರ್ಯೂ ಅನ್ನೋ ಫೈಟರ್‌ನ ಆರಿಸಿಕೊಂಡು, ಒಂದೇ ಒಂದು ಏಟು ತಿನ್ನದೆ ಬೈಸನ್ (ಹೊರದೇಶದ ಹೆಸರು, ಅಂದ್ರೆ ಸರ್ವಾಧಿಕಾರಿ) ತನಕ ಹೋಗಬೇಕಂತೆ. ಅಲ್ಲಿ ಹೊಡೆಯದೆ, ಹೊಡೆಸಿಕೊಳ್ಳದೆ ಹತ್ತು ರೌಂಡು ಟೈಮ್ ಮುಗಿಯೋವರೆಗೂ ತಪ್ಪಿಸಿಕೊಂಡು ಓಡಾಡಬೇಕಂತೆ. ಆಗ ಶೆಂಗ್ ಲಾಂಗ್ ಬಂದು ಬೈಸನ್‌ನ ಎತ್ತಿ ಬಿಸಾಕ್ತಾನಂತೆ. ಉಲ್ಲೇಖ ಸಮೇತ ಇದೆ ಸ್ವಾಮಿ! ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ, 1992, ಏಪ್ರಿಲ್ ಸಂಚಿಕೆ.

ಏಪ್ರಿಲ್. ಇನ್ನೊಂದ್ಸಲ ಓದಿ. ಏ-ಪ್ರಿ-ಲ್.

ರ್ಯೂ ಗೆದ್ದಾಗ ಬರೋ ಒಂದು ಸಾಲನ್ನ ಇಂಗ್ಲಿಷಿಗೆ ತರುವಾಗ ಎಡವಟ್ಟಾಗಿ ಇಲ್ಲದ ಮನುಷ್ಯನೊಬ್ಬ ಹುಟ್ಟಿಕೊಂಡ, ಆ ಪತ್ರಿಕೆಯವರು ಅವನ್ನ ಇಟ್ಟುಕೊಂಡು ಓದುಗರಿಗೆ ಬೇಸ್ತು ಬೀಳಿಸಿದರು. ಈ ಉಪಾಯ ಕಳಿಸಿದವನ ಊರು ಅಂತ ಅಚ್ಚು ಹಾಕಿರೋ ಹೆಸರನ್ನ ಇಂಗ್ಲಿಷಲ್ಲಿ ಗಟ್ಟಿಯಾಗಿ ಓದಿದ್ರೆ "ಬೇಸ್ತು ಬೀಳಿಸಿದ್ವಿ, ಹಾ" ಅಂತಾನೇ ಕೇಳುತ್ತೆ. ಬೇರೆ ದೇಶದ ಪತ್ರಿಕೆಗಳು ಪರೀಕ್ಷೆ ಮಾಡದೆ ಅದನ್ನೇ ಎತ್ತಿ ಹಾಕಿದವು. ಕೊನೆಗೆ ಆ ಪತ್ರಿಕೆಯೇ ಇದು ತಮಾಷೆಗೆ ಬರೆದಿದ್ದು ಅಂತ ಒಪ್ಪಿಕೊಳ್ತು. ಇಷ್ಟೆಲ್ಲಾ ಸಂಪಾದನೆಯ ಸಾರಾಂಶದಲ್ಲಿ ಬರೆದೇ ತೆಗೆದದ್ದು ನಾನು. ಬಂದ ಉತ್ತರ: "ಉಲ್ಲೇಖವಿರುವ ಮಾಹಿತಿಯನ್ನು ಅಳಿಸಬೇಡಿ."

ನಿಜಕ್ಕೆ ಅಡಿಟಿಪ್ಪಣಿ ಇಲ್ಲ, ಅದಕ್ಕೇ ಆಚೆ. ಸುಳ್ಳಿಗೆ ಅಡಿಟಿಪ್ಪಣಿ ಇದೆ, ಅದಕ್ಕೇ ಒಳಗೆ.

ಇಷ್ಟಕ್ಕೇ ನಿಂತಿದ್ರೆ ನುಂಗಿಕೊಂಡು ಸುಮ್ನಾಗ್ತಿದ್ದೆ. ಭಾನುವಾರ ಅಕ್ಕನ ಮನೇಲಿ ಊಟ. ಅಕ್ಕನ ಮಗಳು ಪಿಯುಸಿ. "ಮಾಮ ಯಾವಾಗ್ಲೂ ಫೋನ್ ಕೆರೀತಾ ಕೂತಿರ್ತಾನೆ" ಅಂದ್ಲು. ನಾನು ತಡ್ಕೋಬಾರದಾ? ಸಂಜೆ ತಾನೇ ಪ್ಯಾರಾನ ಹೊಸ ಉಲ್ಲೇಖ ಹಾಕಿ ಮತ್ತೆ ಸೇರಿಸಿದ್ದೆ, ಆ ಜಂಬದಲ್ಲಿ ಫೋನ್ ಅವಳ ಕೈಗೇ ಕೊಟ್ಟೆ. "ಕೆರೀತಾ ಇರೋದಲ್ಲ, ಕನ್ನಡದ ಕೆಲಸ. ತೆಗೆದು ನೋಡು." ಮೇಲ್ಗಡೆ ಗಂಟೆ ಗುರುತು ಕೆಂಪಗಿತ್ತು. ಒತ್ತಿದಳು. ನನ್ನ ಚರ್ಚೆಪುಟ ತೆರೆದುಕೊಳ್ತು. ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಅದರ ಪಕ್ಕ ದಪ್ಪಕ್ಷರ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್ ಅವಳಿಗೆ, ವಾರ್ತೆ ಓದೋರ ಹಾಗೆ ಸ್ಪಷ್ಟವಾಗಿ ಓದಿದಳು: "ಇದು ನಿಮಗೆ ಅಂತಿಮ ಎಚ್ಚರಿಕೆ. ನಿಮ್ಮ ಕಿಡಿಗೇಡಿ ಸಂಪಾದನೆಗಳು ಮುಂದುವರಿದಲ್ಲಿ ನಿಮ್ಮನ್ನು ನಿರ್ಬಂಧಿಸಲಾಗುವುದು. ಪ್ರಯೋಗ ಮಾಡಲು ದಯವಿಟ್ಟು ಪ್ರಯೋಗಪುಟವನ್ನು ಬಳಸಿ."

ಸಾರು ಬಡಿಸ್ತಿದ್ದ ಅಕ್ಕನ ಸೌಟು ಅಲ್ಲೇ ನಿಂತುಹೋಯ್ತು. ಭಾವ ಬ್ಯಾಂಕಿನವರು, ಎಚ್ಚರಿಕೆ ಅಂದ ತಕ್ಷಣ ಗಂಭೀರ ಆಗಿಬಿಡ್ತಾರೆ. "ಕೇಸ್ ಗೀಸ್ ಏನಾದ್ರೂ ಆಗುತ್ತಾ? ನಮ್ಮ ಕಡೆ ಒಬ್ಬರು ಲಾಯರ್ ಇದ್ದಾರೆ." ಇಲ್ಲ ಭಾವ, ಇದು ಬರೀ ಗೇಮಿನ ವಿಷ್ಯ ಅಂದೆ. "ಗೇಮಾ? ದುಡ್ಡು ಕಟ್ಟಿ ಆಡೋದಾ?" ಅಂದ್ರು. ಅಮ್ಮ ಮಜ್ಜಿಗೆ ಕಲೆಸಿಕೊಳ್ತಾ, "ಚಿಕ್ಕೋನಿದ್ದಾಗ್ಲೂ ಹಿಂಗೇ, ಹಾಲು ತಾ ಅಂತ ಕೊಟ್ಟ ದುಡ್ಡನ್ನ ವಿಡಿಯೋ ಗೇಮ್ ಅಂಗಡೀಗೆ ಹಾಕಿ ಬರ್ತಿದ್ದ" ಅಂತ ಸಾಕ್ಷಿ ಹೇಳಿದ್ರು. ನಾನು ಬೈಸನ್, ಬಾಲ್‌ರಾಗ್, ವೆಗಾ ಅಂತ ವಿವರಿಸೋಕೆ ಹೋದೆ. ಯಾರೂ ಕೇಳಲಿಲ್ಲ. ಆ ಹುಡುಗಿ ಮಾತ್ರ ಫೋನ್ ವಾಪಸ್ ಕೊಡ್ತಾ, ಪಾಪ, ಮರ್ಯಾದೆಯಿಂದಾನೇ ಕೇಳಿದ್ಲು: "ಮಾಮ, ಪ್ರಯೋಗಪುಟ ಬಳಸಬಹುದಿತ್ತಲ್ವಾ?"

ಹೌದಮ್ಮಾ. ಬಳಸಬಹುದಿತ್ತು.

ಬಿಡಿ. ಬೆಳಗ್ಗೆಯಿಂದ ನನಗೆ ನಾನೇ ಹೇಳಿಕೊಳ್ತಿದ್ದೀನಿ, ಬಿಡು ಅಂತ. ಕನ್ನಡದಲ್ಲಿ ಆ ಪುಟ ಓದೋರಾದ್ರೂ ಯಾರು? ಬರೆದವನು ನಾನು, ಅಳಿಸಿದವನು ಅವನು, ಮಧ್ಯ ತಾನಾಗೇ ಓಡೋ ಒಂದು ಬಾಟ್ ಪ್ರೋಗ್ರಾಮು. ತಲೆ ಅರ್ಧ ಬೆಳ್ಳಗಾಗಿರೋ ಗಂಡಸು, ಜಿಎಸ್‌ಟಿ ರಿಟರ್ನ್ ಪಕ್ಕಕ್ಕಿಟ್ಟು, ಸರ್ವಾಧಿಕಾರಿಯ ಟೋಪಿ ಕೆಳಗಿನ ಹೆಸರಿಗೋಸ್ಕರ ಮಧ್ಯರಾತ್ರಿ ಅಪರಿಚಿತನ ಹತ್ರ ಜಗಳ ಆಡ್ತಿದ್ದೀನಿ. ಹೆಂಡತಿ ಒಂದ್ಸಲ ಎದ್ದು ನೋಡಿ ಲೈಟ್ ಆರಿಸಿ ಹೋದ್ಲು. ಕತ್ತಲಲ್ಲೇ ಟೈಪ್ ಮಾಡಿದೆ. ನನ್ನ ಬುದ್ಧಿಗಿಷ್ಟು.

ಆದ್ರೂ ಯಾರಾದ್ರೂ ಉತ್ತರ ಕೊಡಿ. ಚರ್ಚೆಪುಟದಲ್ಲಿ ಸಹಿ ಹಾಕಿ, ಉಲ್ಲೇಖ ಕೊಟ್ಟು, ಬಹುವಚನದಲ್ಲಿ, "ದಯವಿಟ್ಟು ತಾವು" ಅಂತೆಲ್ಲ ಬರೆದು ಕೇಳಿದ್ದೀನಿ. ಅಲ್ಲಿ ನನ್ನ ಪ್ರಶ್ನೆ ಕೆಳಗೆ ನಾನೇ ಬರೆದ ಜ್ಞಾಪನೆ, ಅದರ ಕೆಳಗೆ ಮತ್ತೆ ನಾನೇ. ಅಳಿಸೋಕೆ ಕ್ಷಣ ಸಾಕು, ಉತ್ತರಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಅವನು ಕೆಟ್ಟವನಲ್ಲ, ಅದೂ ಗೊತ್ತು. ಅವನ ಸಂಪಾದನೆಗಳ ಪಟ್ಟಿ ಪೂರ್ತಿ ನೋಡಿದೆ (ಹೌದು, ನೋಡಿದೆ). ದಿನಾ ಯಾವನೋ ಪೋಲಿ ಊರಿನ ಪುಟಕ್ಕೆ ತನ್ನ ಫ್ರೆಂಡಿನ ಹೆಸರು ತುರುಕಿರ್ತಾನೆ, ಈ ಮನುಷ್ಯ ಒಬ್ಬನೇ ಕೂತು ಗುಡಿಸ್ತಾನೆ. ಸಂಬಳ ಇಲ್ಲ, ಧನ್ಯವಾದ ಇಲ್ಲ. ಮೂರು ಹೆಸರು ತಿರುಗಿಸಿದ್ದು ಕಂಡ್ರೆ ಅವನಿಗೆ ಕಿಡಿಗೇಡಿತನ ಅಂತಾನೇ ಅನ್ನಿಸುತ್ತೆ. ಅರ್ಥ ಆಗುತ್ತೆ.

ಅರ್ಥ ಆಗುತ್ತೆ ಅಂದ ಮಾತ್ರಕ್ಕೆ ಸಹಿಸ್ಕೋಬೇಕಾ? ಅಂತಿಮ ಎಚ್ಚರಿಕೆ ಅಂತೀಯಲ್ಲ, ಮೊದಲನೇದು ಯಾವಾಗ ಕೊಟ್ಟೆ? ಬೈಸನ್ ಹೆಸರು ಬಿಟ್ಟುಬಿಡು, ಅದು ಹಾಳಾಗಿ ಹೋಗಲಿ. ಶೆಂಗ್ ಲಾಂಗ್‌ನ ತೆಗಿ. ನಾಳೆ ಯಾವುದೋ ಹುಡುಗ ಎಮ್ಯುಲೇಟರ್ ಹಾಕಿಕೊಂಡು, ನಿನ್ನ ಪುಟ ನಂಬಿ, ಒಂದೇಟೂ ತಿನ್ನದೆ ಬೈಸನ್ ಮುಂದೆ ಹತ್ತು ರೌಂಡು ಹಾರಾಡ್ತಾನೆ. ಬರಲ್ಲ ಕಣೋ ಅವನು. ಇದೇ ಸರಣಿಯ 1994ರ ಸೂಪರ್ ಟರ್ಬೋದಲ್ಲಿ ಬೈಸನ್‌ನ ಮುಗಿಸಿ ಮುಂದೆ ನಿಲ್ಲೋನು ಅಕುಮಾ ಅನ್ನೋ ಬೇರೆ ಪಾತ್ರ, ಅದೇ ಬೇರೆ ಆಟ. ಅದನ್ನೂ ಬರೆದಿದ್ದೆ. ಅದೂ ಆ 1,842ರಲ್ಲೇ ಹೋಯ್ತು.

ಇನ್ನು ನಾನು ಆ ಪುಟ ಮುಟ್ಟಲ್ಲ. ಮುಗೀತು. ಪಾಸ್‌ವರ್ಡ್ ಬದಲಾಯಿಸಿ ಮರೆತುಬಿಡ್ತೀನಿ. ಅಂದ ಹಾಗೆ ಪಾತ್ರಗಳ ಪಟ್ಟಿಯಲ್ಲಿ ಬ್ಲಾಂಕಾನ ದೇಶ ಅಮೆರಿಕ ಅಂತಿದೆ. ಬ್ರೆಜಿಲ್ ಆಗಬೇಕು. ಯಾರಾದ್ರೂ ತಿದ್ದಿ, ನಾನಂತೂ ತಿದ್ದಲ್ಲ.