ತಡೆದವನ ಲೆಕ್ಕ

"ನಿಮ್ಮ ಕ್ರಿಕೆಟ್‌ನಲ್ಲಿ ತಡೆದವನ ಲೆಕ್ಕ ಯಾರೂ ಇಡೋದಿಲ್ವಾ?"

ಪಕ್ಕದ ಮನೆಯ ಹಿರಿಯರು ಕೇಳಿದ್ದು ಇಷ್ಟೇ. ಕೆಣಕಬೇಕು ಅಂತ ಕೇಳಿದ್ದಲ್ಲ. ಆದರೂ ಆ ರಾತ್ರಿ ಮನೆಗೆ ಬಂದು ಅನ್ನ, ಸಾರು ಬಡಿಸಿಕೊಂಡು ಕೂತಾಗಲೂ ಅದೇ ಮಾತು ತಲೆ ಕೊರೆಯುತ್ತಿತ್ತು.

ನಾನಿರುವುದು ಅಮೆರಿಕದ ಬಾಲ್ಟಿಮೋರ್ ಪಕ್ಕದ ಸಣ್ಣ ಊರಿನಲ್ಲಿ. ಬಂದು 14 ವರ್ಷ ಆಯಿತು. ಚಳಿಗಾಲದಲ್ಲಿ ಪ್ರತಿ ಗುರುವಾರ ಸಂಜೆ ಈ ಹಿರಿಯರ ಮನೆಯ ನೆಲಮಾಳಿಗೆಯಲ್ಲಿ ನಾವು ನಾಲ್ಕು ಜನ ಸೇರುತ್ತೇವೆ. (ಇಲ್ಲಿಯ ರೂಢಿಯಂತೆ ಅವರನ್ನು ಹೆಸರು ಹಿಡಿದೇ ಕರೆಯುತ್ತೇನೆ. ಆದರೆ 78 ವರ್ಷದವರನ್ನು ಕನ್ನಡದಲ್ಲಿ ಬರೆಯುವಾಗ ಕೈ ತಾನಾಗಿ ಹಿರಿಯರು ಅಂತಲೇ ಬರೆಯುತ್ತದೆ.) ಆಡುವುದು ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಬೇಸ್‌ಬಾಲ್ ಆಟ. ಹಾಲ್ ರಿಚ್‌ಮನ್ ಎನ್ನುವವರು ಹುಟ್ಟುಹಾಕಿದ್ದು, 1961ರಿಂದ ಮಾರಾಟದಲ್ಲಿದೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡು. ಅವನು ಮೈದಾನದಲ್ಲಿ ನಿಜವಾಗಿ ಆಡಿದ್ದನ್ನೇ ಲೆಕ್ಕ ಹಾಕಿ ಮಾಡಿದ ಕಾರ್ಡು. ಮೂರು ದಾಳ ಉರುಳಿಸಬೇಕು. ಒಂದು ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡು ನೋಡಬೇಕು, 4, 5, 6 ಬಿದ್ದರೆ ಚೆಂಡೆಸೆಯುವ ಪಿಚರ್ ಕಾರ್ಡು. ಉಳಿದೆರಡನ್ನು ಕೂಡಿಸಿ, ಆ ಸಾಲಿನಲ್ಲಿ ಏನು ಬರೆದಿದೆ ಅಂತ ಓದಬೇಕು. ಅಷ್ಟೇ.

ಈ ಚಳಿಗಾಲ ಹಳೆಯ ಕಾಲದ ದಿಗ್ಗಜರನ್ನು ಸೇರಿಸಿ ತಂಡ ಕಟ್ಟೋಣ ಅಂತಾಯಿತು. ಸರದಿ ಪ್ರಕಾರ ಆರಿಸಿಕೊಳ್ಳುವುದು. ಅವತ್ತು ಥರ್ಡ್ ಬೇಸ್ ಸರದಿ.

ಥರ್ಡ್ ಬೇಸ್ ಅಂದರೆ ಬ್ಯಾಟರ್‌ನ ಎದುರಿಗೆ ಎಡಗಡೆ, 90 ಅಡಿ ದೂರದ ಮೂಲೆ. ಇಲ್ಲಿಯವರು ಅದನ್ನು ಹಾಟ್ ಕಾರ್ನರ್ ಅಂತಾರೆ. ಬಲಗೈ ಬ್ಯಾಟರ್ ಎಳೆದು ಬಾರಿಸಿದ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿರುತ್ತದೆ. ತಡೆದರೆ ಸಾಲದು. ಅಲ್ಲಿಂದ ಅಡ್ಡಲಾಗಿ ಫಸ್ಟ್ ಬೇಸಿಗೆ ಎಸೆಯಬೇಕು, ಸುಮಾರು 127 ಅಡಿ. ನಮ್ಮ ಕ್ರಿಕೆಟ್ ಪಿಚ್ಚಿನ ಉದ್ದ 66 ಅಡಿ ತಾನೇ? ಹತ್ತಿರ ಹತ್ತಿರ ಎರಡು ಪಿಚ್ಚು. ಅದೂ ಬ್ಯಾಟರ್ ಓಡಿ ಮುಟ್ಟುವುದರೊಳಗೆ.

ಮೊದಲ ಸರದಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ ಬೆಳೆದ ಮೇಷ್ಟ್ರದು. ಅವರು ಯೋಚನೆಯನ್ನೇ ಮಾಡದೆ ಮೈಕ್ ಶ್ಮಿಟ್ ಅಂದರು. 548 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), 10 ಗೋಲ್ಡ್ ಗ್ಲವ್ (ಫೀಲ್ಡಿಂಗ್‌ಗೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ). ಯಾರೂ ತಕರಾರು ಮಾಡುವ ಹಾಗಿಲ್ಲ. ಎರಡನೆಯದು ನನ್ನದು. ನಾನು ವಾರವಿಡೀ ಓದಿಕೊಂಡು ಹೋಗಿದ್ದೆ. ಜಾರ್ಜ್ ಬ್ರೆಟ್ ಅಂದೆ. 3,154 ಹಿಟ್, ಅಂದರೆ ಅಷ್ಟು ಸಲ ಚೆಂಡು ಬಾರಿಸಿ ಔಟಾಗದೆ ಬೇಸ್ ಮುಟ್ಟಿದವರು. 1980ರಲ್ಲಿ ಅವರ ಸರಾಸರಿ .390, ಅಂದರೆ ಹತ್ತು ಸಲ ಬ್ಯಾಟ್ ಬೀಸಲು ನಿಂತರೆ ಹತ್ತಿರ ಹತ್ತಿರ ನಾಲ್ಕು ಸಲ ಹಿಟ್. 1976, 1980, 1990, ಹೀಗೆ ಮೂರು ದಶಕದಲ್ಲೂ ಸರಾಸರಿಯಲ್ಲಿ ಲೀಗಿಗೇ ಮೊದಲು ಬಂದವರು. ಇನ್ನೇನು ಬೇಕು?

ಮೂರನೆಯವರು ಹಿರಿಯರು. ಎಡ್ಡಿ ಮ್ಯಾಥ್ಯೂಸ್ ಇನ್ನೂ ಉಳಿದಿದ್ದರು, 512 ಹೋಮ್ ರನ್. ವೇಡ್ ಬಾಗ್ಸ್ ಇದ್ದರು, ಇಡೀ ಬಾಳಿನ ಸರಾಸರಿ .328. ಎಡಗೈ, ಬಲಗೈ ಎರಡೂ ಕಡೆಯಿಂದ ಬ್ಯಾಟ್ ಮಾಡಿ 468 ಹೋಮ್ ರನ್ ಹೊಡೆದ ಚಿಪ್ಪರ್ ಜೋನ್ಸ್ ಇದ್ದರು. ಅಷ್ಟೂ ಜನರನ್ನು ಬಿಟ್ಟು ಅವರು ಬ್ರೂಕ್ಸ್ ರಾಬಿನ್ಸನ್ ಕಾರ್ಡನ್ನು ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

"ಸರಾಸರಿ .267 ಇರೋರನ್ನ ಯಾಕೆ ತಗೊಂಡ್ರಿ?" ಅಂತ ಕೇಳಿಯೇಬಿಟ್ಟೆ.

"ಶ್ಮಿಟ್‌ದೂ .267 ತಾನೇ?" ಅಂದರು. ನಿಜವೇ ಅದು. ಇಬ್ಬರದೂ ಒಂದೇ. ಆಮೇಲೆ ಬಂತು ನಾನು ಮೊದಲೇ ಹೇಳಿದ ಪ್ರಶ್ನೆ.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಬುಕ್ ಕ್ರಿಕೆಟ್. ಏಳನೇ ಕ್ಲಾಸಿನ ಹಿಂದಿನ ಬೆಂಚು, ಸಮಾಜದ ಪುಸ್ತಕ. ಪುಟ ತೆಗೆದರೆ ಕೊನೆಯ ಅಂಕಿಯೇ ರನ್ನು, ಸೊನ್ನೆ ಬಂದರೆ ಔಟು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ನಮ್ಮ ಸಾರ್ವಕಾಲಿಕ ಕರ್ನಾಟಕ ತಂಡ. ಒಂದು ಸಲ ನನ್ನ ಚಂದ್ರಶೇಖರ್ 112 ಹೊಡೆದಿದ್ದರು! ಟೆಸ್ಟಿನಲ್ಲಿ ಚಂದ್ರ ತೆಗೆದ ವಿಕೆಟ್ 242, ಬಾಳಿಡೀ ಹೊಡೆದ ರನ್ನು 167. ಪುಸ್ತಕಕ್ಕೆ ಅದೆಲ್ಲಾ ಏನು ಗೊತ್ತು? ವಿಶ್ವನಾಥ್ ಆಡಿದರೂ ಅದೇ ಪುಟ, ಚಂದ್ರ ಆಡಿದರೂ ಅದೇ ಪುಟ. ಆ ಆಟವನ್ನು ನಾನು ಇವತ್ತಿಗೂ ಪ್ರೀತಿಸುತ್ತೇನೆ. ಆದರೆ ಒಂದು ಮಾತು ಅವತ್ತೇ ಮೊದಲ ಸಲ ಹೊಳೆಯಿತು. ನಮ್ಮ ಬುಕ್ ಕ್ರಿಕೆಟ್‌ನಲ್ಲಿ ಫೀಲ್ಡರ್ ಅನ್ನುವವನೇ ಇರಲಿಲ್ಲ. ಒಬ್ಬನೂ ಇರಲಿಲ್ಲ.

ಇಲ್ಲಿಯ ಕಾರ್ಡಿನಲ್ಲಿ ಪ್ರತಿಯೊಬ್ಬನ ಹೆಸರಿನ ಪಕ್ಕ ಫೀಲ್ಡಿಂಗ್‌ಗೆ ಒಂದು ಅಂಕಿ ಇರುತ್ತದೆ, 1ರಿಂದ 5ರವರೆಗೆ. 1 ಅಂದರೆ ಎಲ್ಲರಿಗಿಂತ ಒಳ್ಳೆಯವನು. ಪಿಚರ್ ಕಾರ್ಡಿನ ಕೆಲವು ಸಾಲಿನಲ್ಲಿ ಥರ್ಡ್ ಬೇಸ್ ಅಂತ ಬರೆದು ಪಕ್ಕದಲ್ಲಿ ಎಕ್ಸ್ ಗುರುತು ಹಾಕಿರುತ್ತಾರೆ. ಅದು ಬಿತ್ತೋ, 20 ಮುಖದ ಇನ್ನೊಂದು ದಾಳ ಉರುಳಿಸಬೇಕು. ಚೆಂಡು ತಡೆದನಾ, ಬಿಟ್ಟನಾ ಅನ್ನುವುದು ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ರಾಬಿನ್ಸನ್ ಅವರದು 1. ನನ್ನ ಬ್ರೆಟ್‌ದು 1 ಅಲ್ಲ.

ಅವತ್ತು ರಾತ್ರಿಯೇ ಅದರ ಬೆಲೆ ಗೊತ್ತಾಯಿತು. ಎಂಟನೇ ಇನ್ನಿಂಗ್ಸ್, ನನ್ನದು ಒಂದು ರನ್ ಮುಂದೆ, ಎದುರಾಳಿಯ ಇಬ್ಬರು ಬೇಸ್ ಮೇಲೆ. ಬಿದ್ದದ್ದು ಥರ್ಡ್ ಬೇಸ್ ಎಕ್ಸ್. ಹಿರಿಯರು 20 ಮುಖದ ದಾಳವನ್ನು ನನ್ನ ಕೈಗೇ ಕೊಟ್ಟರು. ಉರುಳಿಸಿದೆ. ಚಾರ್ಟಿನಲ್ಲಿ ಬೆರಳಿಟ್ಟು ನೋಡಿದರೆ ಬ್ರೆಟ್ ಸಾಲಿನಲ್ಲಿ ಹಿಟ್, ಅದೇ ಸಂಖ್ಯೆಗೆ 1ರ ಸಾಲಿನಲ್ಲಿ ಔಟ್. ನಾನು ಸೋತೆ. ಅವರು ನಗಲಿಲ್ಲ. ಜೇಬಿನಿಂದ ರಾಬಿನ್ಸನ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟು 1970ರ ವಿಶ್ವ ಸರಣಿಯ (ಇಲ್ಲಿಯ ಬೇಸ್‌ಬಾಲ್‌ನ ವರ್ಷದ ಫೈನಲ್ ಅದು) ಕತೆ ಶುರು ಮಾಡಿದರು.

ಹಿರಿಯರಿಗಾಗ 23 ವರ್ಷ. ರಾಬಿನ್ಸನ್ ಅವರ ಬಾಲ್ಟಿಮೋರ್ ಓರಿಯೋಲ್ಸ್ ಎದುರು ಸಿನ್ಸಿನಾಟಿ ರೆಡ್ಸ್. ಮೊದಲ ಪಂದ್ಯದಲ್ಲಿ ಲೀ ಮೇ ಹೊಡೆದ ಚೆಂಡು ಬೇಸ್ ದಾಟಿ ಗೆರೆಯಾಚೆ ಹೋಗುತ್ತಿತ್ತು. ರಾಬಿನ್ಸನ್ ಕೈ ತಿರುಗಿಸಿ ಹಿಡಿದರು. ಓಡಿದ ರಭಸಕ್ಕೆ ಗೆರೆಯ ಹೊರಗೆ ಹೋಗಿ, ಅಲ್ಲಿಂದಲೇ ಮೈ ತಿರುಗಿಸಿ ಎಸೆದರು. ಚೆಂಡು ಒಂದು ಪುಟ ಬಿದ್ದು ಫಸ್ಟ್ ಬೇಸ್ ಸೇರಿತು. ಔಟ್. ಇದನ್ನು ಹೇಳುವಾಗ ಹಿರಿಯರು ಕುರ್ಚಿಯಿಂದ ಎದ್ದು, ಮಂಡಿನೋವು ಮರೆತು, ಮೈ ತಿರುಗಿಸಿ ತೋರಿಸಿದರು. ಓರಿಯೋಲ್ಸ್ 4-1ರಿಂದ ಗೆದ್ದಿತು. ಸರಣಿ ಶ್ರೇಷ್ಠರು ರಾಬಿನ್ಸನ್. 1960ರಿಂದ 1975ರವರೆಗೆ ಒಂದು ವರ್ಷವೂ ತಪ್ಪದೆ 16 ಗೋಲ್ಡ್ ಗ್ಲವ್. ಇನ್ನೊಂದು ಸಂಗತಿ ಹೇಳಿದರು, ನನಗೆ ತುಂಬಾ ಹಿಡಿಸಿತು. ರಾಬಿನ್ಸನ್ ಊಟ ಮಾಡುತ್ತಿದ್ದುದು, ಬರೆಯುತ್ತಿದ್ದುದು ಎಡಗೈಯಲ್ಲಿ. ಬ್ಯಾಟು, ಎಸೆತ ಮಾತ್ರ ಬಲಗೈ. ಅಂದರೆ ಗ್ಲೌಸ್ ತೊಡುತ್ತಿದ್ದುದು ಎಲ್ಲಕ್ಕೂ ಮುಂದೆ ಬರುವ ಕೈಗೇ.

ಬಾಲ್ಟಿಮೋರ್ ಮೈದಾನದ ಹತ್ತಿರ ಅವರ ಕಂಚಿನ ಪ್ರತಿಮೆಯಿದೆ. ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೆ, ನಿಂತು ನೋಡಿರಲಿಲ್ಲ. ಮರುದಿನ ಬೇಕೆಂದೇ ಹೋದೆ. ಕೈಯಲ್ಲಿ ಬ್ಯಾಟಿಲ್ಲ. ಬಲಗೈಯಲ್ಲಿ ಚೆಂಡು, ಎಸೆಯಲು ಸಿದ್ಧ. ಮೈಯೆಲ್ಲಾ ಕಂಚು, ಎಡಗೈಯ ಗ್ಲೌಸ್ ಒಂದಕ್ಕೆ ಮಾತ್ರ ಚಿನ್ನದ ಬಣ್ಣ. ಚಳಿಗೆ ಮೂಗು ಸೋರುತ್ತಿತ್ತು. ಆದರೂ ಹತ್ತು ನಿಮಿಷ ನಿಂತೆ.

ಅಲ್ಲಿ ನಿಂತಾಗ ನೆನಪಾದವರು ನನ್ನ ಸೋದರಮಾವ. ಮೈಸೂರಿನಲ್ಲಿ ಲೀಗ್ ಆಡುತ್ತಿದ್ದರು. ಬ್ಯಾಟಿಂಗ್ ಒಂಬತ್ತನೆಯವರಾಗಿ, ಫೀಲ್ಡಿಂಗ್ ಯಾವಾಗಲೂ ಕವರ್ಸ್. ಮಹಾರಾಜ ಕಾಲೇಜು ಮೈದಾನದಲ್ಲಿ ಒಂದು ಪಂದ್ಯವನ್ನು ಕೊನೇ ಓವರಿನಲ್ಲಿ ಅವರ ಒಂದು ಎಸೆತ ಉಳಿಸಿಕೊಟ್ಟಿತ್ತು. ಆ ಸ್ಕೋರ್ ಪುಸ್ತಕದ ಹಾಳೆಯ ಜೆರಾಕ್ಸನ್ನು ಮಾವ ಇವತ್ತಿಗೂ ಬೀರುವಿನಲ್ಲಿ ಇಟ್ಟಿದ್ದಾರೆ. ನಾನು ನೋಡಿದ್ದೇನೆ. ಆ ಸಾಲಿನಲ್ಲಿ ಬರೆದಿರುವುದು ಬರೀ 'ರನ್ ಔಟ್'. ಮಾವನ ಹೆಸರಿಲ್ಲ.

ಬೇಸ್‌ಬಾಲ್ ಸ್ಕೋರ್ ಪುಸ್ತಕದಲ್ಲಿ ಮೈದಾನದ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಥರ್ಡ್ ಬೇಸ್ 5, ಫಸ್ಟ್ ಬೇಸ್ 3. ರಾಬಿನ್ಸನ್ ತಡೆದು ಎಸೆದರೆ 5-3 ಅಂತ ಬರೆಯುತ್ತಾರೆ. ಬ್ಯಾಟರ್ ಔಟಾದ, ಯಾರು ತಡೆದರು, ಯಾರ ಕೈಗೆ ಕೊಟ್ಟರು, ಎಲ್ಲಾ ಎರಡು ಅಂಕಿಯಲ್ಲಿ. ಐವತ್ತು ವರ್ಷ ಬಿಟ್ಟು ಆ ಹಾಳೆ ತೆಗೆದರೂ ಆ ಮನುಷ್ಯ ಅಲ್ಲಿರುತ್ತಾನೆ. ಚೆಂಡು ಬಿಟ್ಟಿದ್ದರೆ ಅದೂ ಇರುತ್ತದೆ, ಎರರ್ ಅಂತ ಬೇರೆ ಕಾಲಮ್ಮಿನಲ್ಲಿ. ಮುಲಾಜಿಲ್ಲ.

ನಮ್ಮಲ್ಲಿ? ಕ್ಯಾಚ್ ಹಿಡಿದವರ ಹೆಸರು ಬರುತ್ತದೆ, ಒಪ್ಪುತ್ತೇನೆ. ದ್ರಾವಿಡ್ ಟೆಸ್ಟಿನಲ್ಲಿ 210 ಕ್ಯಾಚ್ ಹಿಡಿದದ್ದು ಎಲ್ಲರಿಗೂ ಗೊತ್ತು. ಆದರೆ ನಾಲ್ಕು ಹೋಗಬೇಕಾದ ಚೆಂಡನ್ನು ಬಿದ್ದು ಎದ್ದು ಒಂದಕ್ಕೆ ನಿಲ್ಲಿಸಿದವನ ಉಳಿತಾಯ ಎಲ್ಲಿ ಬರೆದಿದೆ? ಪ್ರತಿ ರಾಜ್ಯೋತ್ಸವಕ್ಕೆ ಇಲ್ಲಿಯ ಕನ್ನಡಿಗರೆಲ್ಲಾ ಸೇರಿದಾಗ ಊಟ ಆದಮೇಲೆ ಸಾರ್ವಕಾಲಿಕ ಕರ್ನಾಟಕ ತಂಡದ ಜಗಳ ಇದ್ದೇ ಇರುತ್ತದೆ. ವಿಶ್ವನಾಥ್ ಮೇಲಾ ದ್ರಾವಿಡ್ ಮೇಲಾ, ಪ್ರಸನ್ನ ಮೊದಲಾ ಕುಂಬ್ಳೆ ಮೊದಲಾ. ಕವರ್ಸ್‌ನಲ್ಲಿ ಯಾರನ್ನು ನಿಲ್ಲಿಸೋಣ ಅಂತ ಕೇಳಿದವರನ್ನು ನಾನು ಈ 14 ವರ್ಷದಲ್ಲಿ ನೋಡಿಲ್ಲ. ನಾನೂ ಕೇಳಿಲ್ಲ.

ಬರೀ ಕ್ರಿಕೆಟ್‌ನ ಮಾತೂ ಅಲ್ಲ ಇದು. ನನ್ನ ಮದುವೆಯ ಉಗ್ರಾಣ ನೋಡಿಕೊಂಡವರು ಇದೇ ಮಾವ. ಮೂರು ದಿನ ಬೀಗದ ಕೈ ಸೊಂಟದಲ್ಲಿ. ಎರಡನೇ ಪಂಕ್ತಿಗೆ ಅನ್ನ ಸಾಲದೆ ಹೋಗುವುದನ್ನು ತಡೆದವರು ಅವರೇ ಅಂತ ಆಮೇಲೆ ಅಮ್ಮ ಹೇಳಿದಳು. ಮದುವೆ ಆಲ್ಬಮ್ಮಿನಲ್ಲಿ ಮಾವ ಇರುವುದು ಒಂದೇ ಒಂದು ಫೋಟೋದಲ್ಲಿ. ಅದೂ ಹಿಂದಿನಿಂದ, ಬಾಳೆಎಲೆ ಕಟ್ಟು ಹೊತ್ತುಕೊಂಡು. ಧಾರೆಗೂ ಬರಲಿಲ್ಲ ಅವರು. ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಇದನ್ನು ನೆನೆದರೆ ಊರಿನ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ.

ಹೀಗೆಲ್ಲಾ ಯೋಚಿಸಿಕೊಂಡು ಮುಂದಿನ ಗುರುವಾರ ಹೋದೆ. ನಿಮ್ಮವರೇ ಸರಿ, ಲೆಕ್ಕ ಇಡುವುದನ್ನು ನಿಮ್ಮಿಂದ ಕಲಿಯಬೇಕು ಅಂದೆ. ಹಿರಿಯರು ಇಲ್ಲ ಅಂತ ತಲೆಯಾಡಿಸಿದರು. ಕಾರ್ಡಿನ ಪೆಟ್ಟಿಗೆಯಿಂದ ರೇ ಡ್ಯಾಂಡ್ರಿಜ್ ಕಾರ್ಡು ತೆಗೆದು ನನ್ನ ಮುಂದಿಟ್ಟರು.

ಡ್ಯಾಂಡ್ರಿಜ್, ಎಲ್ಲಕ್ಕೂ ಮೇಲಿನ ಹಂತವಾದ ಮೇಜರ್ ಲೀಗಿಗೆ ಕರಿಯರನ್ನು ಸೇರಿಸದಿದ್ದ ಕಾಲದಲ್ಲಿ, ಕರಿಯರದೇ ಲೀಗುಗಳಲ್ಲಿ ಆಡಿದ ಥರ್ಡ್ ಬೇಸ್‌ಮನ್. ರಾಬಿನ್ಸನ್‌ಗೆ ಸಮ, ಇಲ್ಲ ಅವರಿಗಿಂತ ಮೇಲು ಅನ್ನುವವರು ಇದ್ದಾರೆ. 1949ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಸೇರಿಸಿಕೊಂಡಿತು. ಆದರೆ ಕಳಿಸಿದ್ದು ಮಿನಿಯಾಪೊಲಿಸ್‌ನ ಕೆಳಗಿನ ಹಂತದ ತಂಡಕ್ಕೆ. 1950ರಲ್ಲಿ ಅವರು ಆ ಲೀಗಿನ ಶ್ರೇಷ್ಠ ಆಟಗಾರ. ಆದರೂ ಮೇಜರ್ ಲೀಗ್ ಮೈದಾನಕ್ಕೆ ಒಂದು ದಿನವೂ ಕರೆ ಬರಲಿಲ್ಲ. ಕರಿಯರ ಲೀಗುಗಳನ್ನೂ ಮೇಜರ್ ಲೀಗ್ ಅಂತ ಒಪ್ಪಿಕೊಂಡದ್ದು 2020ರ ಡಿಸೆಂಬರಿನಲ್ಲಿ. ಅಲ್ಲಿಯ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಇಷ್ಟು ಚೆನ್ನಾಗಿ ಲೆಕ್ಕ ಇಡುವ ದೇಶ ಇಂಥವರ ಲೆಕ್ಕವನ್ನೇ ಇಟ್ಟಿರಲಿಲ್ಲ.

ಹಾಗಾದರೆ ಅವರನ್ನು ಉಳಿಸಿದ್ದು ಏನು? ಬಾಯಿಮಾತು. ಡ್ಯಾಂಡ್ರಿಜ್‌ಗೆ ಬಿಲ್ಲಿನಂತೆ ಬಾಗಿದ ಕಾಲು. ಆ ಎರಡು ಕಾಲಿನ ಮಧ್ಯೆ ರೈಲು ಬೇಕಾದರೂ ಹೋದೀತು, ಚೆಂಡು ಹೋಗದು ಅಂತ ನೋಡಿದವರು ಹೇಳಿಕೊಂಡು ಬಂದರು. ಥೇಟ್ ನಮ್ಮ ಊರ ಕಟ್ಟೆಯ ಮಾತು, ಅಲ್ವಾ? 1987ರಲ್ಲಿ ಅವರು ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಸೇರುವ ಹೊತ್ತಿಗೆ ನೋಡಿದವರ ನೆನಪು ಬತ್ತಿರಲಿಲ್ಲ, ಅದಕ್ಕೇ.

ಬಾಯಿಮಾತು ನಮ್ಮಲ್ಲೂ ಹೀಗೆ ಉಳಿಸಿದೆ ಅಂತ ಮನಸ್ಸಿಲ್ಲದೆಯೇ ಒಪ್ಪಬೇಕಾಯಿತು. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಎದುರು ಮದ್ರಾಸಿನಲ್ಲಿ ವಿಶ್ವನಾಥ್ ಹೊಡೆದದ್ದು ಔಟಾಗದೆ 97. ಅಂಕಿ ನೋಡಿದರೆ ಸೆಂಚುರಿಯೂ ಅಲ್ಲ. ತಂಡದ ಮೊತ್ತ 190. ಆದರೂ ಅದನ್ನು ಯಾವ ಡಬಲ್ ಸೆಂಚುರಿಗೂ ಕಡಿಮೆ ಅಂತ ನಮ್ಮವರು ಒಪ್ಪುವುದಿಲ್ಲ. ಬ್ರಿಜೇಶ್ ಪಟೇಲ್ ಕವರ್ಸ್‌ನಲ್ಲಿ ಚೆಂಡಿನ ಮೇಲೆ ಎರಗುತ್ತಿದ್ದುದನ್ನು ಮಾವ ಈಗಲೂ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಅದೂ ಒಂದು ಲೆಕ್ಕವೇ ಇರಬೇಕು.

ಮಾವನ ವಿಷಯ ಅವರಿಗೆ ಹೇಳಿದೆ. ಹಿರಿಯರು ಒಂದು ಖಾಲಿ ಕಾರ್ಡು, ಪೆನ್ಸಿಲ್ ತೆಗೆದುಕೊಂಡರು. "ಫೋನ್ ಮಾಡು" ಅಂದರು. ಇಲ್ಲಿ ರಾತ್ರಿ ಎಂಟು, ಮೈಸೂರಿನಲ್ಲಿ ಬೆಳಗ್ಗೆ ಆರೂವರೆ. ಮಾವ ಕಾಫಿ ಕುಡಿಯುತ್ತಿದ್ದರು. ಸ್ಪೀಕರ್ ಹಾಕಿದೆ. ಹಿರಿಯರು ಒಂದೊಂದೇ ಕೇಳಿದರು, ನಾನು ಕನ್ನಡ ಮಾಡಿದೆ. ಎಷ್ಟು ದೂರ ನಿಲ್ಲುತ್ತಿದ್ದಿರಿ? ನೆಲ ಹೇಗಿತ್ತು? ಎಡಕ್ಕೆ ಬಿದ್ದರೆ ಎಷ್ಟು ಬೇಗ ಏಳುತ್ತಿದ್ದಿರಿ? ಆ ಎಸೆತ ನೇರ ವಿಕೆಟ್ಟಿಗೇ ತಾಗಿತಾ? ಅರ್ಧ ಗಂಟೆ ಆಯಿತು. ಮಾವನನ್ನು ಇದನ್ನೆಲ್ಲಾ ಇದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ ಅಂತ ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

"ಮಾವ, ಇವರು ನಿಮಗೆ 1 ಕೊಡ್ತಾರಂತೆ" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಬೇಡ ಕಣೋ. ಸೆಮಿಫೈನಲ್ಲಲ್ಲಿ ಒಂದು ಸುಲಭದ ಕ್ಯಾಚ್ ಬಿಟ್ಟಿದ್ದೆ. ಅದನ್ನೂ ಹೇಳು ಅವರಿಗೆ."

ಹೇಳಿದೆ. ಹಿರಿಯರು 1 ಅಳಿಸಿ 2 ಬರೆದು, ಮಾವನ ಹೆಸರಿನ ಕಾಗುಣಿತ ಸರಿಯಾಗಿ ಹೇಳು ಅಂತ ನನ್ನ ಕಡೆ ತಿರುಗಿದರು.