ಪುಣೆಯ ಕಪಾಟು, ಜಮಖಂಡಿಯ ಮಾಡ

ಪುಣೆಯಲ್ಲಿ ಯಾರನ್ನಾದರೂ ನಿಮಗೆ ಇಷ್ಟದ ಪುಸ್ತಕ ಯಾವುದು ಅಂತ ಕೇಳಿ ನೋಡಿ. ಮೊದಲು ಪುಸ್ತಕದ ಹೆಸರು ಬರುತ್ತದೆ, ಆಮೇಲೆ ಲೇಖಕರದು. ಕೆಲವರು ಪ್ರಕಾಶಕರನ್ನೂ ಹೇಳುತ್ತಾರೆ. ಕೊನೆಗೆ ಅಭಿಪ್ರಾಯ. ನಮ್ಮೂರು ಜಮಖಂಡಿಯಲ್ಲಿ ಇದೇ ಪ್ರಶ್ನೆ ಕೇಳಿದರೆ ಉತ್ತರ ಕಥೆಯ ನಡುಮಧ್ಯದಿಂದ ಶುರುವಾಗುತ್ತದೆ. 'ಆಕಿ ಮನಿ ಬಿಟ್ಟು ಹೋದ್ಲಲ್ಲ, ಅಲ್ಲೇ ತಪ್ಪ್ ಮಾಡಿದ್ಲು ನೋಡು' ಅಂತ. ಯಾರು ಆಕಿ, ಯಾವ ಮನಿ, ಬರೆದವರು ಯಾರು, ಇದನ್ನೆಲ್ಲ ನಾವೇ ಕೆದಕಿ ಕೇಳಬೇಕು. ಬರೆದವರ ಹೆಸರು ಕೆಲವೊಮ್ಮೆ ಕೊನೆಗೂ ಸಿಗುವುದಿಲ್ಲ.

ನೌಕರಿ ಅಂತ ಪುಣೆ ಸೇರಿ ಬಹಳ ವರ್ಷವಾಯಿತು. ಊರಿಗೆ ಹೋಗಿ ಬರುವುದು ತಪ್ಪಿಲ್ಲ. ಎರಡೂ ಕಡೆ ಓದುವವರ ನಡುವೆ ಕೂತು ಹರಟೆ ಹೊಡೆದವನಿಗೆ ಅನಿಸಿದ್ದು ಇಷ್ಟು. ಪುಣೆಯವರು ಪುಸ್ತಕದ ಬಗ್ಗೆ ಮಾತಾಡುತ್ತಾರೆ. ನಮ್ಮವರು ಪುಸ್ತಕದೊಳಗಿನ ಮಂದಿಯ ಬಗ್ಗೆ ಮಾತಾಡುತ್ತಾರೆ. ನನಗೆ ನಮ್ಮವರ ರೀತಿಯೇ ಜಾಸ್ತಿ ಹಿಡಿಸುತ್ತದೆ. ಹಾಗಂತ ಪುಣೆಯವರಿಂದ ಕಲಿಯುವುದು ಇಲ್ಲ ಅಂತಲ್ಲ.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಇಲ್ಲಿಯ ಜನ ಪುಸ್ತಕ ಕೊಂಡು ಓದುತ್ತಾರೆ. ಅಪ್ಪಾ ಬಳವಂತ ಚೌಕದಲ್ಲಿ ಶಾಲೆ ಪುಸ್ತಕದ ಗದ್ದಲ ದಾಟಿ ಒಳಗೆ ಹೋದರೆ, ಪಿಂಚಣಿ ತಗೊಳ್ಳುವ ಅಜ್ಜಂದಿರು ಕಾದಂಬರಿ ತಿರುವಿ ನೋಡುತ್ತ ನಿಂತಿರುತ್ತಾರೆ. ದೀಪಾವಳಿ ಬಂತೆಂದರೆ ಚಕ್ಕಲಿ, ಕಡುಬಿನ ಜೊತೆ ದಿವಾಳಿ ಅಂಕವೂ ಮನೆಗೆ ಬರಲೇಬೇಕು. 1909ರಲ್ಲಿ 'ಮನೋರಂಜನ' ಮಾಸಿಕ ಶುರು ಮಾಡಿದ ಪದ್ಧತಿ ಅದು, ನೂರು ವರ್ಷ ದಾಟಿದರೂ ನಿಂತಿಲ್ಲ. ನಮ್ಮಲ್ಲೂ ದೀಪಾವಳಿ, ಯುಗಾದಿ ವಿಶೇಷಾಂಕಗಳಿವೆ. ಆದರೆ ನಾನು ಕಂಡ ಮನೆಗಳಲ್ಲಿ ಅದನ್ನು ಕೊಳ್ಳುವವನು ಒಬ್ಬ, ಓದುವವರು ಇಡೀ ಓಣಿ. ಆ ಅಂಕ ಮತ್ತೆ ಕೊಂಡವನ ಕೈಗೆ ಬಂದರೆ ಅವನ ಪುಣ್ಯ.

ಇನ್ನೊಂದು, ಇವರ ನೇರ ಮಾತು. ಪುಣೇರಿ ಪಾಟಿ ಅಂತ ಕೇಳಿರಬಹುದು. ಮನೆ ಬಾಗಿಲಿಗೆ, ಅಂಗಡಿ ಗೋಡೆಗೆ ಹಾಕಿದ ಖಡಕ್ ಸೂಚನೆಗಳು. ಪುಸ್ತಕದ ವಿಷಯದಲ್ಲೂ ಅದೇ ಧಾಟಿ. ಪ್ರಶಸ್ತಿ ಬಂದ ಪುಸ್ತಕವನ್ನು 'ನನಗೆ ಹಿಡಿಸಲಿಲ್ಲ, ನಡುವೆ ನೂರು ಪುಟ ಸುಮ್ನೆ ಬೆಳೆಸಿದ್ದಾರೆ' ಅಂತ ನಮ್ಮ ಎದುರು ಮನೆಯ ಹಿರಿಯರೊಬ್ಬರು ಚಹಾ ಕುಡಿಯುತ್ತ ಹೇಳಿಬಿಡುತ್ತಾರೆ. ನಮ್ಮ ಕಡೆ ಹಾಗೆ ಹೇಳಲು ಜನ ಹಿಂಜರಿಯುತ್ತಾರೆ. ದೊಡ್ಡವರು ಬರೆದದ್ದು, ನಮಗೇ ತಿಳಿದಿಲ್ಲ ಅಂತ ಸುಮ್ಮನಾಗುತ್ತಾರೆ.

ಆದರೆ ಪುಣೆಯಲ್ಲಿ ನನಗೆ ಕಿರಿಕಿರಿ ಮಾಡುವುದು ಕಪಾಟಿನ ಶಿಸ್ತು. ಐತಿಹಾಸಿಕ ಒಂದು ಸಾಲು, ವಿನೋದ ಒಂದು ಸಾಲು, ವಿಜ್ಞಾನ ಕಥೆ ಒಂದು ಸಾಲು, ಪತ್ತೇದಾರಿ ಇದ್ದರೆ ಎಲ್ಲೋ ಕೆಳಗೆ. ಸಾಲಿಗೆ ತಕ್ಕ ಹಾಗೆ ಓದುಗರೂ ಬೇರೆ ಬೇರೆ. ನಮ್ಮ ಸೊಸೈಟಿಯಲ್ಲಿ ತಿಂಗಳಿಗೊಮ್ಮೆ ಓದುವವರು ಸೇರುತ್ತೇವೆ. ಅಲ್ಲಿ ಒಬ್ಬರು 'ನಾನು ನೇಮಾಡೆ ಕಡೆಯವನು' (ಹೊಸ ಧಾಟಿಯ 'ಕೋಸಲಾ' ಕಾದಂಬರಿ ಬರೆದ ಭಾಲಚಂದ್ರ ನೇಮಾಡೆ) ಅಂದರೆ ಮುಗಿಯಿತು, 'ಸ್ವಾಮಿ', 'ಮೃತ್ಯುಂಜಯ'ದಂಥ ಇತಿಹಾಸ, ಪುರಾಣದ ಕಾದಂಬರಿ ಇಷ್ಟಪಡುವವರು ಅವರ ಲೆಕ್ಕದಲ್ಲಿ ಹಳೇ ಕಾಲದವರು. ಬಾಬುರಾವ್ ಅರ್ನಾಳಕರ್ ಮರಾಠಿಯಲ್ಲಿ ಸಾವಿರಕ್ಕೂ ಜಾಸ್ತಿ ರಹಸ್ಯ ಕಾದಂಬರಿ ಬರೆದವರು. ಆ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಚಿಕ್ಕಂದಿನಲ್ಲಿ ಅವರನ್ನು ಓದಿಯೇ ಓದಿನ ಚಟ ಹತ್ತಿಸಿಕೊಂಡವರು. ಆದರೂ ಅರ್ನಾಳಕರರ ಹೆಸರು ಬಂದಾಗ ಒಂಥರಾ ನಗುತ್ತಾರೆ, ಎಳೆತನದಲ್ಲಿ ಮಾಡಿದ ಕಿತಾಪತಿ ನೆನಪಾದ ಹಾಗೆ.

ಜಮಖಂಡಿಯ ನಮ್ಮ ಕಾಕಾನ ಮನೆಗೆ ಬನ್ನಿ. ಕಾಕಾ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಪಡಸಾಲೆಯ ದಪ್ಪ ಗೋಡೆಯಲ್ಲಿ ಒಂದು ಮಾಡ, ಅಂದರೆ ಗೂಡು, ಇದೆ. ಅದರಲ್ಲಿ ಪಂಚಾಂಗ, ಅದರ ಮೇಲೆ ಶರಣಬಸವೇಶ್ವರ ಪುರಾಣ, ಅದಕ್ಕೆ ಒರಗಿ 'ಪರ್ವ', ಪಕ್ಕದಲ್ಲಿ ರನ್ನನ 'ಗದಾಯುದ್ಧ', ಸಂದಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ಕೊನೆಯದಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದಾರೆ. ಕೊನೆಯ ಪುಟಗಳು ಎಂದೋ ಹರಿದು ಹೋಗಿವೆ. ಕೊಲೆಗಾರ ಯಾರು ಅಂತ ಕಾಕಾ ಹೋದ ವರ್ಷ ಹೇಳಿದ್ದು ಬೇರೆ, ಈ ವರ್ಷ ಹೇಳುವುದು ಬೇರೆ. ಪತ್ತೇದಾರ ಪುರುಷೋತ್ತಮನಿಗೂ ಗೊತ್ತಿರಲಿಕ್ಕಿಲ್ಲ.

ಈ ಐದರಲ್ಲಿ ಯಾವುದು ಮೇಲು, ಯಾವುದು ಕೀಳು ಅನ್ನುವುದು ಅವರ ತಲೆಗೇ ಬಂದಿಲ್ಲ. ಪುರುಷೋತ್ತಮನ ಬಗ್ಗೆ ಮಾತಾಡುವ ದನಿಯಲ್ಲೇ ದುರ್ಯೋಧನನ ಬಗ್ಗೆಯೂ ಮಾತಾಡುತ್ತಾರೆ.

ದುರ್ಯೋಧನ ಅಂದೆ ನೋಡಿ, ಅಲ್ಲಿ ಸ್ವಲ್ಪ ನಿಲ್ಲಬೇಕು. ಕರ್ಣನ ಕಥೆಯನ್ನು ಪುಣೆಯಲ್ಲೂ ಓದುತ್ತಾರೆ, ನಮ್ಮಲ್ಲೂ ಓದುತ್ತಾರೆ. ಶಿವಾಜಿ ಸಾವಂತರ 'ಮೃತ್ಯುಂಜಯ' ಬಂದದ್ದು 1967ರಲ್ಲಿ. ಅದರಲ್ಲಿ ಕರ್ಣ, ಕುಂತಿ, ದುರ್ಯೋಧನ, ತಮ್ಮ ಶೋಣ, ಹೆಂಡತಿ ವೃಷಾಲಿ, ಕೃಷ್ಣ ಒಬ್ಬೊಬ್ಬರಾಗಿ ತಮ್ಮ ಮಾತಲ್ಲೇ ಕಥೆ ಹೇಳುತ್ತಾರೆ. ನಮ್ಮ ಗುಂಪಿನಲ್ಲಿ ಇದರ ಮೇಲೆ ಒಂದಿಡೀ ಸಂಜೆ ಚರ್ಚೆ ನಡೆಯಿತು. ಭಾಷೆ ಅಲಂಕಾರ ಜಾಸ್ತಿ ಅಂತ ಒಬ್ಬರು, ಆ ಭಾಷೆಯೇ ಅದರ ಶಕ್ತಿ ಅಂತ ಇನ್ನೊಬ್ಬರು. ಎಲ್ಲ ಪಾತ್ರಗಳೂ ಒಂದೇ ಥರ ಮಾತಾಡುತ್ತವೆ ಅಂತ ಮೂರನೆಯವರು. ಒಳ್ಳೆಯ ಮಾತುಗಳೇ. ಅದರಿಂದ ನಾನು ಪುಸ್ತಕವನ್ನು ಇನ್ನೊಮ್ಮೆ ಬೇರೆ ಕಣ್ಣಿಂದ ನೋಡಿದೆ.

ಮುಂದಿನ ಸಲ ಊರಿಗೆ ಹೋದಾಗ ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರು ಭಾಷೆಯ ಮಾತು ಎತ್ತಲೇ ಇಲ್ಲ. 'ದುರ್ಯೋಧನಗ ಗೊತ್ತಿತ್ತೇನಂತ ಅದರಾಗ?' ಅಂದರು.

'ಏನು ಕಾಕಾ?'

'ಕರ್ಣ ಕುಂತಿ ಮಗ ಅನ್ನೂದು. ನಮ್ಮ ರನ್ನ ಹೇಳ್ಯಾನ, ಗೊತ್ತಿತ್ತು ಅಂತ.'

ಮುಧೋಳ ಜಮಖಂಡಿಯಿಂದ ಬಹಳ ದೂರವಿಲ್ಲ. ಸಾವಿರ ವರ್ಷದ ಹಿಂದೆ ಅಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನ. ಅವನನ್ನು ಕಾಕಾ ಬೀಗರ ಪೈಕಿ ಅನ್ನುವ ಹಾಗೆ 'ನಮ್ಮ ರನ್ನ' ಅನ್ನುತ್ತಾರೆ. 'ಗದಾಯುದ್ಧ'ದಲ್ಲಿ ರಣರಂಗದಲ್ಲಿ ಸಂಜಯನ ಜೊತೆ ನಡೆಯುವ ದುರ್ಯೋಧನ ಕರ್ಣನ ಹೆಣದ ಮುಂದೆ ನಿಲ್ಲುತ್ತಾನೆ. ನಿನ್ನ ಹುಟ್ಟು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು ಅನ್ನುತ್ತಾನೆ. 'ಆನರಿವೆಂ ಪೃಥೆಯರಿವಳ್' ಅಂತ ಶುರುವಾಗುವ ಪದ್ಯ. ಕಾಕಾ ಅದನ್ನು ಬಾಯಿಪಾಠ ಹೇಳಿದರು, ಆಮೇಲೆ ಅಂದರು: 'ಪಾಂಡವರ ಅಣ್ಣ ಅಂತ ಗೊತ್ತಿದ್ದೂ ದೋಸ್ತಿ ಬಿಡಲಿಲ್ಲ ಅಂವಾ. ಗೊತ್ತಿಲ್ಲದವನು ದೋಸ್ತಿ ಮಾಡಿದರ ಏನು ದೊಡ್ಡಸ್ತಿಕಿ?'

ಸೊಸೈಟಿಯ ಸಂಜೆಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಇದನ್ನು ಅಭಿಪ್ರಾಯ ಅನ್ನಬೇಕೋ ವಿಮರ್ಶೆ ಅನ್ನಬೇಕೋ, ಏನಾದರೂ ಅನ್ನಿ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ.

ನಮ್ಮವರು ಹೀಗೆ ಓದುವುದಕ್ಕೆ ಕಾರಣ, ನಮ್ಮಲ್ಲಿ ಪುಸ್ತಕ ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಗುಡ್ಡಾಪುರ ದಾನಮ್ಮನ ಪುರಾಣದಲ್ಲಿ ಎಲ್ಲಿ ಏನು ಬರುತ್ತದೆ ಅಂತ ಗೊತ್ತಿತ್ತು. ಹೇಳುವವರು ಒಂದು ಸಂಗತಿ ಬಿಟ್ಟು ಮುಂದೆ ಹೋದರೆ ಮನೆಗೆ ಬಂದು ಅವರನ್ನು ಬೈಯುತ್ತಿದ್ದಳು. ಕೇಳಿದ ಕಥೆಯಲ್ಲಿ ಪುಟ ಇರುವುದಿಲ್ಲ, ಮುಖಪುಟ ಇರುವುದಿಲ್ಲ. ಇರುವುದು ಮಂದಿ ಮಾತ್ರ. ಹಾಗಾಗಿ ಮಾತೂ ಅವರ ಬಗ್ಗೆಯೇ.

ಇದಕ್ಕೆ ಪುಣೆಯಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಮರಾಠಿ ಓದುಗರು ಭೈರಪ್ಪನವರನ್ನು ತಮ್ಮವರೇ ಅಂತ ಓದುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಗುಂಪಿನ ಹಿರಿಯರೊಬ್ಬರು ನನಗೇ ಸಾಂತ್ವನ ಹೇಳಿದರು, ನಾನೇನೋ ಅವರ ಮನೆಯವನು ಅನ್ನುವ ಹಾಗೆ. ಭೈರಪ್ಪನವರನ್ನು ಮರಾಠಿಗೆ ತಂದವರು ಉಮಾ ಕುಲಕರ್ಣಿ. ಬೆಳಗಾವಿಯಲ್ಲಿ ಬೆಳೆದು ಪುಣೆಗೆ ಬಂದವರು. ಅವರು ಕನ್ನಡ ಪುಸ್ತಕವನ್ನು ಕಣ್ಣಿಂದ ಓದಿ ಅನುವಾದ ಮಾಡಿದವರಲ್ಲ. ಗಂಡ ವಿರೂಪಾಕ್ಷ ಕುಲಕರ್ಣಿ ಕನ್ನಡವನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ತುಂಬಿಸಿ ಕೊಡುತ್ತಿದ್ದರು. ಇವರು ಕೇಳಿ ಮರಾಠಿಯಲ್ಲಿ ಬರೆಯುತ್ತಿದ್ದರು. ಪುಣೆಯ ಕಪಾಟಿನಲ್ಲಿ ಶಿಸ್ತಾಗಿ ಕೂತಿರುವ ಮರಾಠಿ 'ಪರ್ವ' ಕೂಡ ಕಿವಿಯಿಂದ ಹುಟ್ಟಿದ ಪುಸ್ತಕವೇ. ಇದನ್ನು ಗುಂಪಿನಲ್ಲಿ ಹೇಳಿದಾಗಲೆಲ್ಲ ನನಗೆ ಒಂಚೂರು ಮೀಸೆ ತಿರುವುವ ಖುಷಿ.

ಬೆಳಗಾವಿ ಅಂದಾಕ್ಷಣ ಇವರಿಗೆ ನೆನಪಾಗುವುದು ಇನ್ನೊಬ್ಬರು, ಮರಾಠಿಯ ವಿನೋದ ಲೇಖಕ ಪು. ಲ. ದೇಶಪಾಂಡೆಯವರು ಬರೆದ ರಾವಸಾಹೇಬ. ಕನ್ನಡ ಬೆರೆಸಿ ಮರಾಠಿ ಮಾತಾಡುವ, ಬಾಯಿತುಂಬ ಬೈಯುವ, ಎದೆತುಂಬ ಪ್ರೀತಿಸುವ ಬೆಳಗಾವಿಯ ಮನುಷ್ಯ. ನಾನು ಬಾಯಿ ತೆರೆದರೆ ಸಾಕು, 'ಥೇಟ್ ರಾವಸಾಹೇಬ' ಅನ್ನುತ್ತಾರೆ. ಗಮನಿಸಿ, ಅಲ್ಲಿ ಇವರೂ ನಮ್ಮವರ ಹಾಗೇ ಮಾತಾಡುತ್ತಾರೆ. ಶೈಲಿ ಗಿಯ್ಲಿ ಎಲ್ಲ ಬದಿಗೆ ಹೋಗಿ ಮನುಷ್ಯನೊಬ್ಬನೇ ಉಳಿಯುತ್ತಾನೆ.

ಇಷ್ಟು ಹೊಗಳಿದ ಮೇಲೆ ನಮ್ಮವರ ಮೇಲಿನ ಸಿಟ್ಟನ್ನೂ ಹೇಳಬೇಕು. ಪಡಸಾಲೆಯಲ್ಲಿ ಇಷ್ಟು ಚೆಂದ ಮಾತಾಡುವ ಜನರ ಕೈಗೆ ಮೈಕು ಕೊಟ್ಟರೆ ಕೆಟ್ಟಿತು. ಊರಿನ ಒಂದು ಕಾರ್ಯಕ್ರಮದಲ್ಲಿ 'ನಿಮ್ಮ ಮೆಚ್ಚಿನ ಪುಸ್ತಕ' ಅಂತ ಹತ್ತಾರು ಜನರನ್ನು ಕೇಳಿದರು. ಎಲ್ಲರದೂ ವಚನಗಳು, ಕುವೆಂಪು, ಬೇಂದ್ರೆ. ದೊಡ್ಡ ಹೆಸರುಗಳೇ, ತಕರಾರಿಲ್ಲ. ಆದರೆ ಅದರಲ್ಲಿ ಅರ್ಧ ಜನ ಕೃಷ್ಣಮೂರ್ತಿ ಪುರಾಣಿಕರನ್ನು ಓದಿ ಅತ್ತವರು ಅಂತ ನನಗೆ ಗೊತ್ತು. ಬೀಳಗಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಬದುಕಿದ ಪುರಾಣಿಕರು ನಮ್ಮ ಮನೆಗಳ ಅತ್ತೆ, ಸೊಸೆ, ವಿಧವೆ, ಬಡ ಕಲಾವಿದ ಎಲ್ಲರನ್ನೂ ಬರೆದವರು. 'ಸನಾದಿ ಅಪ್ಪಣ್ಣ' ಅವರದೇ ಕಾದಂಬರಿ. 1977ರ ಸಿನಿಮಾ ಎಲ್ಲರಿಗೂ ನೆನಪಿದೆ, ರಾಜಕುಮಾರ್ ನೆನಪಿದ್ದಾರೆ, ಬಿಸ್ಮಿಲ್ಲಾ ಖಾನರ ಶಹನಾಯಿ ನೆನಪಿದೆ. ಪುರಾಣಿಕರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅವರ ಪುಸ್ತಕ ಈಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಕೇಳುವವರಿಲ್ಲದೆ ಅಚ್ಚು ಹಾಕುವವರು ಎಲ್ಲಿಂದ ಬರಬೇಕು?

ಬರೆದವರ ಹೆಸರು ಮರೆಯುವ ನಮ್ಮ ರೂಢಿಗೆ ತೆರುವ ಬೆಲೆ ಇದೇ. ವಚನಗಳ ಮಾತೇ ತಗೊಳ್ಳಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಆಮೇಲೆ ಸ್ವಂತ ಮುದ್ರಣಾಲಯ ಹಾಕಿದರು, 'ಶಿವಾನುಭವ' ಪತ್ರಿಕೆ ನಡೆಸಿದರು. ಮಾತಿಗೊಂದು ವಚನ ಹೇಳುವ ನಮ್ಮ ಎಷ್ಟು ಮಂದಿಗೆ ಅದು ಕೈಗೆ ಹೇಗೆ ಬಂತು ಅಂತ ಗೊತ್ತು? ಪುಣೆಯವರಾಗಿದ್ದರೆ ಆ ಮೊದಲ ಮುದ್ರಣದ ಪ್ರತಿ ಯಾರ ಮನೆಯಲ್ಲಿದೆ ಅಂತ ಹೇಳುತ್ತಿದ್ದರು, ಅದನ್ನು ನೋಡಲು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬರಬೇಡಿ ಅಂತಲೂ ಸೇರಿಸುತ್ತಿದ್ದರು.

ಈಗ ಊರಲ್ಲೂ ಗಾಳಿ ಬದಲಾಗಿದೆ. ಕಾಕಾನ ಮೊಮ್ಮಗ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಳ್ಳೆಯ ಓದುಗ, ಮೊಬೈಲಿನಲ್ಲೂ ಓದುತ್ತಾನೆ, ಬಸ್ಸಿನಲ್ಲಿ ಕಥೆ ಕೇಳುತ್ತಾನೆ. ಆದರೆ ಮೊನ್ನೆ 'ನಾ ಥ್ರಿಲ್ಲರ್ ಅಷ್ಟ ಓದಾಂವ, ಕಾಕಾ' ಅಂತ ನನಗೆ ಹೇಳಿದ. ಇಪ್ಪತ್ತು ವರ್ಷದ ಹುಡುಗ ತನ್ನನ್ನು ತಾನೇ ಒಂದು ಸಾಲಿನಲ್ಲಿ ಜೋಡಿಸಿ ಇಟ್ಟುಬಿಟ್ಟಿದ್ದಾನಲ್ಲ ಅನಿಸಿತು. ಮಾಡದಲ್ಲಿದ್ದ ಪುಸ್ತಕ ಒಂದನ್ನೂ ಅವನು ಮುಟ್ಟಿಲ್ಲ. ಅವನು ಮುಟ್ಟದಿದ್ದರೇನು, ಅವನ ಪುಸ್ತಕವನ್ನು ಅಜ್ಜ ಮುಟ್ಟಿದರು. ರಾತ್ರಿ ಊಟವಾದ ಮೇಲೆ ಹಿಡಿದವರು ಕನ್ನಡಕ ತೆಗೆದದ್ದು ಎರಡು ಗಂಟೆಗೆ. ಬೆಳಗ್ಗೆ ಚಹಾ ಕುಡಿಯುವಾಗ ಮೊಮ್ಮಗ ಕಾತರದಿಂದ ಕೇಳಿದ, 'ಹೆಂಗಿತ್ತಜ್ಜಾ?'

'ಚಲೋ ಅದ. ಆದರ ಆ ಪೊಲೀಸಪ್ಪ ಮೂರು ದಿನದಿಂದ ಓಡ್ಯಾಡಾಕತ್ತಾನ. ಊಟಾ ಯಾವಾಗ ಮಾಡಿದಾ?'

ಹುಡುಗ ನಕ್ಕ. ಆಮೇಲೆ ಪುಸ್ತಕ ತಗೊಂಡು ಮೊದಲಿಂದ ತಿರುವಿ ನೋಡಿದ. ಮುನ್ನೂರು ಪುಟದಲ್ಲಿ ಆ ಮನುಷ್ಯ ಎರಡು ಸಲ ಚಹಾ ಕುಡಿದಿದ್ದ, ಅಷ್ಟೇ.